ಸ್ಕೂಟರ್, ಸುಟ್ಟ ಎಣ್ಣೆ ಮತ್ತು ನಮ್ಮ ಹಳ್ಳ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಹೆದ್ದಾರಿಯು ಮಹಾಗಾಂವ ಕ್ರಾಸನ್ನು ದಾಟಿ, ಕುರಿಕೋಟಾ ಸೇತುವೆಯ ಬಳಿ ಬೆಣ್ಣೆತೊರೆಯನ್ನು ಹಾಯ್ದು, ಸುಮಾರು 35 ಕಿಲೋಮೀಟರು ಕ್ರಮಿಸಿ ಕಮಲಾಪುರವನ್ನು ಸೇರುತ್ತದೆ. ಕರಿ ಎರೆಭೂಮಿ ಹಿಂದುಳಿದು ಕೆಮ್ಮಣ್ಣಿನ ಗುಡ್ಡಗಳು ಕಾಣಿಸತೊಡಗುವುದು ಈ ದಾರಿಯಲ್ಲಿಯೇ. ಬೆಳಗಿನ ಹೊತ್ತು ಇಲ್ಲಿ ನಿಂತು ನೋಡಿದರೆ ಹಾಲಿನ ಕ್ಯಾನು, ಬಾಳೆಗೊನೆ, ಮೇವಿನ ಹೊರೆ, ಕಾಲೇಜಿನ ಚೀಲ, ಹಿಂದೆ ಕುಳಿತ ತಾಯಿ, ಮುಂದೆ ನಿಂತ ಮಗು ಎಲ್ಲವೂ ಸ್ಕೂಟರಿನ ಮೇಲೆಯೇ ಸಾಗುತ್ತಿರುತ್ತವೆ. ಹಿಂದೆ ಎತ್ತಿನ ಬಂಡಿ ಹೊರುತ್ತಿದ್ದ ಭಾರದ ಒಂದು ಪಾಲನ್ನು ಈ ಪುಟ್ಟ ಗಾಡಿ ಸದ್ದಿಲ್ಲದೆ ತನ್ನದಾಗಿಸಿಕೊಂಡಿದೆ. ಸದ್ದಿಲ್ಲದೆ ಎಂದುದು ಅಷ್ಟು ಸರಿಯಲ್ಲ. ಸೈಲೆನ್ಸರ್ ಕಳಚಿ ಓಡಿಸುವ ತರುಣರನ್ನು ಮರೆತು ಬರೆದ ಮಾತದು.

ಪರಿಸರದ ಬಗ್ಗೆ ಮಾತನಾಡುವವರು ಸ್ಕೂಟರಿನ ವಿಷಯದಲ್ಲಿ ಏನು ಹೇಳುತ್ತಾರೆ? ನಮ್ಮ ಸಭೆಗಳಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳುತ್ತಾರೆ, ಕೆಲವೊಮ್ಮೆ ನಗುತ್ತ ಕೇಳುತ್ತಾರೆ. ಏಕೆಂದರೆ ನಾವು ಕೂಡ ಸಭೆಗೆ ಬಂದಿರುವುದು ಸ್ಕೂಟರಿನ ಮೇಲೆಯೇ. ಬಸ್ಸಿನಲ್ಲಿ ಹೋಗಿರಿ ಎಂದು ಉಪದೇಶಿಸುವುದು ಸುಲಭ. ಈ ಭಾಗಕ್ಕೆ 2000ದಲ್ಲಿ ಪ್ರತ್ಯೇಕ ಸಾರಿಗೆ ಸಂಸ್ಥೆ ಬಂದಿತು, 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು ಪಡೆಯಿತು. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ತೆರೆಯಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಹೆದ್ದಾರಿಯಲ್ಲಿ ಇಳಿದ ಮೇಲೆ ಗುಡ್ಡದ ನೆತ್ತಿಯ ತಾಂಡಾದವರೆಗಿನ ದಾರಿಯನ್ನು ಯಾವ ಯೋಜನೆಯೂ ಮುಟ್ಟಿಲ್ಲ. ಸಂಜೆಯ ಪ್ರಯೋಗಾಲಯದ ತರಗತಿ ಮುಗಿಸಿ ಬರುವ ಹುಡುಗಿಗೆ ಆ ಕೊನೆಯ ದಾರಿಯೇ ಓದು ಮುಂದುವರಿಸಬೇಕೆ ಬಿಡಬೇಕೆ ಎಂಬುದನ್ನು ತೀರ್ಮಾನಿಸುತ್ತದೆ. ಅಂಥವಳ ಮನೆಯಲ್ಲಿ ಒಂದು ಸ್ಕೂಟರ್ ಇದ್ದರೆ ಅದನ್ನು ಭೋಗವೆಂದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲ.

ಆದುದರಿಂದ ಸ್ಕೂಟರ್ ಬೇಕೆ ಬೇಡವೆ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುತ್ತಿಲ್ಲ. ಕೊಂಡ ಗಾಡಿಯನ್ನು ಎಷ್ಟು ಕಾಲ ಬಾಳಿಸುತ್ತೇವೆ, ಯಾರ ಕೈಯಲ್ಲಿ ದುರಸ್ತಿ ಮಾಡಿಸುತ್ತೇವೆ, ಅದರಿಂದ ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳು ನಮ್ಮ ಮುಂದಿವೆ.

ಹಿರಿಯ ಓದುಗರಿಗೆ ಚೇತಕ್ ನೆನಪಿರಬಹುದು. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಸ್ಕೂಟರಿಗಾಗಿ ಜನ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದರು. ಅಷ್ಟು ಕಾದು ಪಡೆದ ವಸ್ತುವನ್ನು ಯಾರೂ ಹಗುರವಾಗಿ ಎಸೆಯುತ್ತಿರಲಿಲ್ಲ. ಸ್ಟಾರ್ಟ್ ಆಗದಿದ್ದರೆ ಒಂದು ಬದಿಗೆ ವಾಲಿಸಿ ಮತ್ತೆ ಕಿಕ್ ಹೊಡೆಯುವುದು, ಪ್ಲಗ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜುವುದು, ಚಕ್ರ ಪಂಕ್ಚರಾದರೆ ಸ್ಟೆಪ್ನಿಯನ್ನು ತಾನೇ ಹಾಕಿಕೊಳ್ಳುವುದು ಇವು ಗಾಡಿಯೊಡನೆಯೇ ಬರುತ್ತಿದ್ದ ವಿದ್ಯೆಗಳಾಗಿದ್ದವು. ಹಳ್ಳಿಯ ಮೆಕ್ಯಾನಿಕ್ ನಾಲ್ಕಾರು ಪಾನಾ, ಒಂದು ಸುತ್ತಿಗೆ, ಒಂದು ಡಬ್ಬಿ ಸೀಮೆಎಣ್ಣೆಯಿಂದ ಎಂಜಿನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಲ್ಲವನಾಗಿದ್ದ. ಒಂದೇ ಸ್ಕೂಟರ್ ತಂದೆಯಿಂದ ಮಗನಿಗೆ, ಮಗನಿಂದ ತಾಂಡಾದ ಹಾಲು ಮಾರುವವನಿಗೆ ದಾಟಿ ಮೂವತ್ತು ವರ್ಷ ದುಡಿದ ಉದಾಹರಣೆಗಳು ನಮ್ಮ ಸೀಮೆಯಲ್ಲಿ ವಿರಳವಲ್ಲ.

ಆದರೆ ಹಳತೆಲ್ಲ ಹೊನ್ನೆಂದು ಹಾಡುವುದು ಪ್ರಾಮಾಣಿಕತೆಯಲ್ಲ. ಆ ಎರಡು ಸ್ಟ್ರೋಕಿನ ಎಂಜಿನ್ ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುತ್ತಿತ್ತು. ಹೊಸ ಮಿಶ್ರಣ ಒಳಗೆ ನುಗ್ಗಿ ಹಳೆಯ ಹೊಗೆಯನ್ನು ಹೊರದಬ್ಬುವಾಗ ಅದರದೇ ಒಂದು ಪಾಲು ಉರಿಯದೆ ಹೊರಹೋಗುತ್ತಿತ್ತು. ಹಿಂದೆ ತೇಲುತ್ತಿದ್ದ ನೀಲಿ ಹೊಗೆ ನಮ್ಮ ಶ್ವಾಸಕೋಶಕ್ಕೆ ಸಂದ ತೆರಿಗೆ. 2000ದ ಮಾರ್ಚಿಗಿಂತ ಹಿಂದಿನ ಎರಡು ಸ್ಟ್ರೋಕ್ ಗಾಡಿಗಳ ಹೊಗೆಯಲ್ಲಿ ಹೈಡ್ರೋಕಾರ್ಬನ್ ಹತ್ತು ಲಕ್ಷದಲ್ಲಿ 9000 ಭಾಗದವರೆಗೂ ಇರಬಹುದೆಂದು ತಪಾಸಣೆಯ ನಿಯಮವೇ ಒಪ್ಪಿಕೊಂಡಿತ್ತು. ಆನಂತರದ ನಾಲ್ಕು ಸ್ಟ್ರೋಕ್ ಗಾಡಿಗಳಿಗೆ ಆ ಮಿತಿ 4500ಕ್ಕೆ ಇಳಿಯಿತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6ರ ನಿಯಮ ಬಂದ ಮೇಲೆ ಕಾರ್ಬೊರೇಟರಿನ ಸ್ಥಾನಕ್ಕೆ ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ಗಾಳಿಯ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಲಾಭ.

ನಷ್ಟ ಆಗಿರುವುದು ಬೇರೊಂದು ಕಡೆ. ಹೊಸ ಗಾಡಿಯ ದೀಪವೊಂದು ಮಿನುಗಿ ದೋಷವಿದೆಯೆಂದು ಹೇಳಿದರೆ, ಯಾವ ದೋಷವೆಂದು ಓದಬಲ್ಲ ಉಪಕರಣ ಬಹುಮಟ್ಟಿಗೆ ನಗರದ ಸರ್ವಿಸ್ ಕೇಂದ್ರದಲ್ಲಿದೆ. ಕಮಲಾಪುರದ ಮರದ ನೆರಳಿನಲ್ಲಿ ಕೆಲಸ ಕಲಿತವನ ಕೈಚಳಕ ಅಲ್ಲಿ ನಿಷ್ಪ್ರಯೋಜಕ. ದುರಸ್ತಿಗಾಗಿ ಹೋಗಿಬರುವ 70 ಕಿಲೋಮೀಟರು, ಒಂದು ದಿನದ ಕೂಲಿ, ಬಿಲ್ಲಿನ ಮೊತ್ತ ಎಲ್ಲವನ್ನೂ ಕೂಡಿಸಿದಾಗ, ಹಳೆಯದನ್ನು ಕೊಟ್ಟು ಕಂತಿನ ಮೇಲೆ ಹೊಸದನ್ನು ತರುವುದೇ ವಾಸಿ ಎಂಬ ತೀರ್ಮಾನಕ್ಕೆ ಬಡವನೂ ಬರುತ್ತಾನೆ. ಗಣಿಯಿಂದ ಕಬ್ಬಿಣ ತೆಗೆದು, ಕಲ್ಲಿದ್ದಲು ಸುಟ್ಟು, ಉಕ್ಕು ಮಾಡಿ ಕಟ್ಟಿದ ಗಾಡಿಯೊಂದು ಅರ್ಧ ಆಯುಷ್ಯದಲ್ಲಿ ಗುಜರಿ ಸೇರುವುದನ್ನು ಯಾವ ಹೊಗೆ ತಪಾಸಣೆಯೂ ಲೆಕ್ಕ ಹಿಡಿಯುವುದಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಡಿಸೆಂಬರಿನಲ್ಲಿ ಅಂತರ್ಜಾಲ ತಾಣವನ್ನೂ ತೆರೆಯಿತು. ಆ ಹಕ್ಕು ತಾಣದಿಂದ ಇಳಿದು ಹಳ್ಳಿಯ ಗ್ಯಾರೇಜಿಗೆ ಬರಬೇಕಾದರೆ, ದೋಷ ಓದುವ ಉಪಕರಣವೂ ಅದರ ತರಬೇತಿಯೂ ನಮ್ಮ ಐ.ಟಿ.ಐ.ಗಳ ಮೂಲಕ ಕೈಗೆಟುಕುವ ಬೆಲೆಯಲ್ಲಿ ದೊರೆಯಬೇಕು. ನಮ್ಮ ಮೊದಲ ಬೇಡಿಕೆ ಇದು.

ಎರಡನೆಯ ವಿಷಯ ನಮ್ಮ ಹತ್ತಿರದ್ದು, ನಮ್ಮದೇ ತಪ್ಪಿನದು. ಗೇರಿಲ್ಲದ ಸ್ಕೂಟರೊಂದರ ಎಂಜಿನ್ನಿಗೆ ಸುಮಾರು ಮುಕ್ಕಾಲು ಲೀಟರ್ ಎಣ್ಣೆ ಬೇಕು. ದಿನಕ್ಕೆ ಐದು ಗಾಡಿಗಳ ಎಣ್ಣೆ ಬದಲಿಸುವ ಸಣ್ಣ ಗ್ಯಾರೇಜಿನಲ್ಲಿ ತಿಂಗಳಿಗೆ ತೊಂಬತ್ತು ಲೀಟರಿನಷ್ಟು ಸುಟ್ಟ ಎಣ್ಣೆ ಕೂಡುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಗೆದ್ದಲು ಹಿಡಿಯದಂತೆ ತೊಲೆಗಳಿಗೆ, ಸ್ವಲ್ಪ ಸೆಂಟ್ರಿಂಗ್ ಹಲಗೆಗಳಿಗೆ, ಉಳಿದದ್ದು ಗ್ಯಾರೇಜಿನ ಹಿಂದಿನ ಮಣ್ಣಿಗೆ. ಒಂದು ಪಾಲು ಸುಟ್ಟ ಎಣ್ಣೆ ಹತ್ತು ಲಕ್ಷ ಪಾಲು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತ ಬಂದಿದೆ. ಎಂಜಿನ್ ಸವೆದ ಲೋಹದ ಕಣಗಳೂ ಆ ಎಣ್ಣೆಯಲ್ಲಿರುತ್ತವೆ. ನಮ್ಮ ಕೆಮ್ಮಣ್ಣು ತೂತುತೂತಿನದು. ಮಳೆನೀರನ್ನು ಹೀರಿ ಕೆಳಗಿನ ಬಾವಿಗಳಿಗೆ ಇಳಿಸುವ ಅದರ ಗುಣದಿಂದಲೇ ಗುಡ್ಡದ ಬುಡದ ತೋಟಗಳು ಬದುಕಿವೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಗೆ ನೀರುಣಿಸುವುದೂ ಇದೇ ನೆಲ. ಹಳ್ಳಗಳು ಬೆಣ್ಣೆತೊರೆಗೆ, ಬೆಣ್ಣೆತೊರೆ ಕಾಗಿಣೆಗೆ, ಕಾಗಿಣೆ ಭೀಮೆಗೆ. ಗ್ಯಾರೇಜಿನ ಹಿಂದೆ ಚೆಲ್ಲಿದ್ದು ಅಲ್ಲಿಯೇ ಉಳಿಯುತ್ತದೆಂದು ನಂಬಲು ಕಾರಣವಿಲ್ಲ.

ಕಾನೂನು ಇಲ್ಲವೆಂದಲ್ಲ. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಪರವಾನಗಿ ಪಡೆದ ಮರುಸಂಸ್ಕರಣೆದಾರರಿಗೇ ಸೇರಬೇಕು. 2024ರ ಏಪ್ರಿಲಿನಿಂದ ಎಣ್ಣೆ ತಯಾರಿಸುವವರ ಮೇಲೆಯೇ ಅದನ್ನು ಮರಳಿ ಪಡೆಯುವ ಹೊಣೆಯನ್ನು ಹೊರಿಸಲಾಗಿದೆ. ಆದರೆ ತಿಂಗಳಿಗೆ ಅರ್ಧ ಪೀಪಾಯಿ ಎಣ್ಣೆಗಾಗಿ ಯಾವ ಮರುಸಂಸ್ಕರಣೆದಾರನೂ ಗುಡ್ಡ ಹತ್ತಿ ಬರಲಾರ. ಹತ್ತು ಗ್ಯಾರೇಜುಗಳು ಸೇರಿ ಒಂದೆಡೆ ಪೀಪಾಯಿಗಳನ್ನು ಇರಿಸಿದರೆ ಅದು ಮಾರಾಟಕ್ಕೆ ಯೋಗ್ಯವಾದ ಸರಕಾಗುತ್ತದೆ. ಜಾಗ ಮತ್ತು ಚಾವಣಿಯನ್ನು ಪಂಚಾಯಿತಿ ಕೊಡಲಿ, ಮುಚ್ಚಳವಿರುವ ಪೀಪಾಯಿಗಳನ್ನು ನಮ್ಮ ಬಳಗ ಹೊಂದಿಸುತ್ತದೆ. ಹಳೆಯ ಬ್ಯಾಟರಿಗಳಿಗೂ ಅಲ್ಲಿಯೇ ಒಂದು ಮೂಲೆ ಇರಲಿ. ಸೀಸವನ್ನು ಮನೆಯಂಗಳದಲ್ಲಿ ಕರಗಿಸುವ ಕೆಲಸ ಮಕ್ಕಳ ಬುದ್ಧಿಯನ್ನೇ ತಿನ್ನುವಂಥದು.

ವಿದ್ಯುತ್ ಸ್ಕೂಟರೇ ಉತ್ತರವಲ್ಲವೆ ಎಂದು ಹಲವರು ಕೇಳುತ್ತಾರೆ. ಚೇತಕ್ ಎಂಬ ಹೆಸರೇ 2020ರಲ್ಲಿ ಬ್ಯಾಟರಿಯ ಗಾಡಿಯಾಗಿ ಮರಳಿ ಬಂದಿದೆ. ಅದಕ್ಕೆ ಎಂಜಿನ್ ಎಣ್ಣೆ ಬೇಡ, ಊರೊಳಗೆ ಹೊಗೆಯೂ ಇಲ್ಲ. ಆದರೂ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿರುವವರೆಗೆ ಹೊಗೆ ಊರು ಬದಲಿಸಿದೆಯೆಂದೇ ಹೇಳಬೇಕು. ಪಾವಗಡದ ಬಿಸಿಲಿನ ವಿದ್ಯುತ್ತಿನ ಪಾಲು ಹೆಚ್ಚಿದಷ್ಟೂ ಈ ಆಕ್ಷೇಪಣೆ ಬಲ ಕಳೆದುಕೊಳ್ಳುತ್ತದೆ. ನಗರದೊಳಗೆ ಓಡಾಡುವ ಉದ್ಯೋಗಸ್ಥರು ಅದನ್ನೇ ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಕರೆಂಟು ನಂಬಲಾಗದ ತಾಂಡಾದವರಿಗೆ ಅದೇ ಸಲಹೆ ಕೊಡಲು ಸದ್ಯಕ್ಕೆ ಹಿಂಜರಿಯುತ್ತೇವೆ.

ಸವಾರರಿಗೆ ಒಂದೆರಡು ಮಾತು. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಗುಡ್ಡ ಇಳಿಯಬೇಡಿ. ಗೇರಿಲ್ಲದ ಗಾಡಿಯನ್ನು ಎಂಜಿನ್ ಹಿಡಿದು ನಿಲ್ಲಿಸುವುದು ಮೊದಲೇ ಕಡಿಮೆ. ಇಳಿಜಾರಿನಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಹಳೆಯ ಎರಡು ಸ್ಟ್ರೋಕ್ ಗಾಡಿ ಇರುವವರು ಇಳಿಯುವಾಗ ಆಗಾಗ ಸ್ವಲ್ಪ ಎಕ್ಸಲೇಟರ್ ಕೊಡಬೇಕು; ಪೆಟ್ರೋಲಿನೊಡನೆ ಬರುವ ಎಣ್ಣೆಯೇ ಆ ಎಂಜಿನ್ನಿನ ಕೀಲೆಣ್ಣೆ. ಹೆಲ್ಮೆಟ್ ಹಿಂದೆ ಕುಳಿತವರಿಗೂ ಬೇಕು. ಎಣ್ಣೆ ಬದಲಿಸುವಾಗ ಪಕ್ಕದಲ್ಲಿ ನಿಂತು, ಹಳೆಯದನ್ನು ಎಲ್ಲಿ ಸುರಿಯುತ್ತೀರಣ್ಣ ಎಂದು ಮೆಕ್ಯಾನಿಕನನ್ನು ಕೇಳಿರಿ. ಗದರಿಸಿ ಕೇಳುವುದು ಬೇಡ. ಅವನ ಬಾವಿಯೂ ಇದೇ ಗುಡ್ಡದ ಬುಡದಲ್ಲಿದೆ.

ಸಂಜೆ ಆರರ ನಂತರ ಹೆದ್ದಾರಿಯಿಂದ ತಾಂಡಾಗಳವರೆಗೆ ವಸ್ತಿ ಬಸ್ಸು ಬಿಡಬೇಕೆಂಬ ಮನವಿಯನ್ನೂ, ಎಣ್ಣೆ ಸಂಗ್ರಹದ ಜಾಗಕ್ಕಾಗಿ ಪಂಚಾಯಿತಿಗೆ ಕೊಡುವ ಅರ್ಜಿಯನ್ನೂ ಒಟ್ಟಿಗೆ ಸಿದ್ಧಪಡಿಸಲಾಗುತ್ತಿದೆ. ಮುಂದಿನ ಸಂತೆಯ ದಿನ ಸಹಿ ಸಂಗ್ರಹ ಆರಂಭವಾಗುತ್ತದೆ. ಗ್ಯಾರೇಜು ನಡೆಸುವ ಮಿತ್ರರು ಮೊದಲು ಬಂದು ಸಹಿ ಹಾಕಬೇಕೆಂದು ಕೋರುತ್ತೇವೆ.