ಗಾಲಿಮನೆಯಲ್ಲಿ ಗಡಿ ದಾಟಿದುದು

ಮನೆಯನ್ನೇ ಬೆನ್ನಮೇಲೆ ಹೊತ್ತು ತಿರುಗುವ ಬಸವನಹುಳುವನ್ನು ಕಂಡು ನಾವು ಬಾಲ್ಯದಲ್ಲಿ ನಕ್ಕುದುಂಟು. ಈ ಸಲ ನಮಗೂ ಅದೇ ಅವಸ್ಥೆ ಒದಗಿತು. ಪ್ರಿಯ ವಾಚಕರೇ, ನಮ್ಮ ಮನೆಯವರ ತಂಗಿಯು ಚಿಲಿ ದೇಶದ ಸಾಂಟಿಯಾಗೊ ನಗರದಲ್ಲಿ ಬಾಣಂತಿಯಾಗಿದ್ದಳು. ನಾವಾದರೋ ಅರ್ಜೆಂಟೀನಾದ ಮೆಂಡೋಸ ಪಟ್ಟಣದಲ್ಲಿದ್ದೆವು. ನಡುವೆ ಆಂಡೀಸ್ ಪರ್ವತ. ದಾರಿ ಸುಮಾರು 360 ಕಿಲೋಮೀಟರು. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವ ಮೋಟಾರು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಒಂಬತ್ತು ವರ್ಷದ ಮಗಳೊಡನೆ ಹೊರಟೆವು. ನಮ್ಮಲ್ಲಿ ಸಂಕ್ರಾಂತಿಯ ಚಳಿಯಿರುವಾಗ ಅಲ್ಲಿ ಬೇಸಗೆ. ದಾರಿಗೆ ಹಿಮದ ಅಡ್ಡಿಯಿರಲಿಲ್ಲ.

ಉಸ್ಪಲ್ಯಾತವನ್ನು ದಾಟಿದ ಮೇಲೆ ಹಸಿರು ಮಾಯವಾಗಿ, ಕೆಂಪು, ಊದಾ, ಬೂದಿ ಬಣ್ಣದ ಬರಿಯ ಬಂಡೆಗಳು ಎದ್ದುನಿಂತವು. ಸುಮಾರು 2,700 ಮೀಟರು ಎತ್ತರದ ಪುಯೆಂತೆ ದೆಲ್ ಇಂಕ ಎಂಬಲ್ಲಿ ರಾತ್ರಿ ತಂಗಿದೆವು. ಬಿಸಿನೀರಿನ ಬುಗ್ಗೆಗಳ ಖನಿಜಗಳಿಂದ ಹಳದಿಗಟ್ಟಿದ ಅಲ್ಲಿಯ ಕಲ್ಲುಸೇತುವೆ ಪ್ರಕೃತಿಯೇ ಕಟ್ಟಿದುದು. ಆ ಸೊಬಗನ್ನು ನೋಡಿ ಬಂದ ನಮಗೆ ಅಡಿಗೆಯಲ್ಲಿ ಬೇರೊಂದು ಪಾಠ ಕಾದಿತ್ತು. ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಒಂದು ಗಂಟೆ ಕುದಿದರೂ ಬೇಯಲೊಲ್ಲದು! ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಅಲ್ಲಿ ನೀರು ಸುಮಾರು 91 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಉರಿ ಎಷ್ಟು ಹೆಚ್ಚಿಸಿದರೂ ಅದಕ್ಕಿಂತ ಬಿಸಿಯೇರದು. ಕೊನೆಗೆ ಕುಕ್ಕರಿನ ಮುಚ್ಚಳವೇ ನಮ್ಮ ಮಾನ ಕಾಯಿತು. ಬೆಟ್ಟಸೀಮೆಗೆ ಹೋಗುವ ಸೋದರಿಯರು ಇದನ್ನು ಮರೆಯಬಾರದು. ಹಗುರವಾಗಿ ಉಣ್ಣುವುದು, ಮೇಲಿಂದಮೇಲೆ ನೀರು ಕುಡಿಯುವುದು, ಮಕ್ಕಳನ್ನು ಓಡಗೊಡದಿರುವುದು ಇವೂ ಅಲ್ಲಿ ಅವಶ್ಯ.

ಮರುದಿನ ಬೆಳಿಗ್ಗೆ 6,961 ಮೀಟರು ಎತ್ತರದ ಅಕಂಕಾಗುವ ಶಿಖರದ ದರ್ಶನವಾಯಿತು. ಏಷ್ಯಾ ಖಂಡದ ಹೊರಗೆ ಇದಕ್ಕಿಂತ ಎತ್ತರದ ಪರ್ವತವಿಲ್ಲ. ಮುಂದೆ, ಗಡಿಯ ಹಳೆಯ ಕಣಿವೆಯ ನೆತ್ತಿಯಲ್ಲಿ 1904ರಲ್ಲಿ ನಿಲ್ಲಿಸಿದ ಕ್ರಿಸ್ತನ ಕಂಚಿನ ವಿಗ್ರಹವಿದೆ. ಗಡಿಯ ವ್ಯಾಜ್ಯದಿಂದ ಯುದ್ಧದ ಅಂಚಿಗೆ ಬಂದಿದ್ದ ಎರಡು ದೇಶಗಳು 1902ರಲ್ಲಿ ಒಪ್ಪಂದಕ್ಕೆ ಬಂದುದರ ನೆನಪು ಅದು. ಅಲ್ಲಿಗೇರುವ ಮಣ್ಣುದಾರಿ ನಮ್ಮಂಥ ದೊಡ್ಡ ವಾಹನಕ್ಕೆ ತಕ್ಕುದಲ್ಲ. ಕೆಳಗಿನಿಂದಲೇ ಕೈಮುಗಿದು, 1980ರಲ್ಲಿ ತೆರೆದ ಮೂರು ಕಿಲೋಮೀಟರಿಗೂ ಮಿಕ್ಕ ಉದ್ದದ ಸುರಂಗವನ್ನು ಹೊಕ್ಕೆವು. ಹೊಕ್ಕುದು ಒಂದು ದೇಶದಲ್ಲಿ, ಹೊರಬಿದ್ದುದು ಇನ್ನೊಂದರಲ್ಲಿ.

ಅಲ್ಲಿ ವಾಹನಗಳ ಸಾಲು ನಿಂತಿತ್ತು. ಬಾಡಿಗೆಯ ಗಾಡಿಯನ್ನು ಗಡಿ ದಾಟಿಸಲು ಒಡೆಯನ ಒಪ್ಪಿಗೆಪತ್ರ, ಚಿಲಿಯಲ್ಲಿ ಸಲ್ಲುವ ವಿಮೆ, ರಹದಾರಿಗಳು ಇವೆಲ್ಲವನ್ನೂ ಜೋಡಿಸಿಟ್ಟಿದ್ದೆವು. ಹಸಿ ಹಣ್ಣು, ತರಕಾರಿ, ಜೇನುತುಪ್ಪ ಇವುಗಳನ್ನು ಆ ದೇಶದೊಳಗೆ ಒಯ್ಯಗೊಡರೆಂದು ತಿಳಿದಿದ್ದುದರಿಂದ, ನಮ್ಮ ಮನೆಯವರು ಬೆಳಿಗ್ಗೆಯೇ ಉಳಿದ ತರಕಾರಿಯನ್ನೆಲ್ಲ ಸಾರಿಗೆ ಹಾಕಿ ಮುಗಿಸಿದ್ದರು. ನಾವು ಪ್ರಮಾಣಪತ್ರದಲ್ಲಿ ‘ಇಲ್ಲ’ವೆಂದು ಗುರುತು ಮಾಡಿ ರುಜು ಹಾಕಿದೆವು. ಅಷ್ಟರಲ್ಲಿ ಮಗಳು ನಮ್ಮ ತೋಳನ್ನು ಎಳೆದಳು. ಅವಳ ಚೀಲದಲ್ಲಿ, ಉಣ್ಣೆಯ ಟೋಪಿಯೊಳಗೆ, ಎರಡು ಪೀಚ್ ಹಣ್ಣುಗಳು! ಮೆಂಡೋಸದ ತೋಟದಲ್ಲಿ ತಾನೇ ಕಿತ್ತವು.

“ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಹೇಳಿದ್ದರು, ಅಪ್ಪಾ.”

ನಿಜ ಹೇಳುವುದಾದರೆ, ಆ ಕ್ಷಣದಲ್ಲಿ ನಮ್ಮ ಮನಸ್ಸು ಹೊಯ್ದಾಡಿತು. ರುಜು ಆಗಿಹೋಗಿದೆ, ಸಾಲು ಸರಿಯುತ್ತಿದೆ, ಮಗುವಿನ ಚೀಲವನ್ನು ಯಾರು ತಡಕುವರು? ಎರಡು ಹಣ್ಣಿನಿಂದ ಒಂದು ರಾಜ್ಯಕ್ಕೆ ಏನು ಕೇಡು? ನಮ್ಮ ಮನೆಯವರು ಮೆಲ್ಲಗೆ, “ಅವಳು ನಿಮ್ಮ ಮುಖವನ್ನೇ ನೋಡುತ್ತಿದ್ದಾಳೆ” ಎಂದರು. ನಾವು ಬೇರೆ ಪತ್ರವನ್ನು ಬೇಡಿ ‘ಉಂಟು’ ಎಂದು ಬರೆದೆವು.

ಪರೀಕ್ಷೆಗೆ ಬಂದ ಯುವತಿ ಸಿಟ್ಟಾಗಲಿಲ್ಲ. ಮುಚ್ಚಿಟ್ಟವರಿಗೆ ದಂಡ, ತಾವಾಗಿ ತೋರಿಸಿದವರ ವಸ್ತುವನ್ನು ತೆಗೆದುಕೊಂಡು ಬಿಟ್ಟುಬಿಡುವರು. ಹಣ್ಣಿನ ನೊಣವು ಸಿಪ್ಪೆಯಡಿಯಲ್ಲಿ ತತ್ತಿಯಿಡುತ್ತದೆ. ಹೊರಗೆ ಚೆಲುವಾಗಿ ಕಾಣುವ ಹಣ್ಣಿನ ಒಳಗೇ ಹುಳು ಬೆಳೆಯುತ್ತದೆ. ಉತ್ತರಕ್ಕೆ ಮರುಭೂಮಿ, ಪೂರ್ವಕ್ಕೆ ಪರ್ವತ, ಪಶ್ಚಿಮಕ್ಕೆ ಸಾಗರ, ದಕ್ಷಿಣಕ್ಕೆ ಹಿಮ—ಹೀಗೆ ನಾಲ್ಕು ಕಡೆಯೂ ಬೇಲಿಯಿರುವ ಚಿಲಿ, 1995ರಲ್ಲಿ ತನ್ನ ನೆಲ ಆ ನೊಣದಿಂದ ಮುಕ್ತವಾಯಿತೆಂದು ಘೋಷಿಸಿತು. ಆಮೇಲೂ ಅದು ಅಲ್ಲಲ್ಲಿ ತಲೆಯೆತ್ತಿದಾಗ ಶ್ರಮಪಟ್ಟು ಅಳಿಸಬೇಕಾಯಿತು. ದ್ರಾಕ್ಷಿ, ಚೆರ್ರಿಗಳನ್ನು ದೂರದೇಶಗಳಿಗೆ ಮಾರಿ ಬಾಳುವ ಅಸಂಖ್ಯ ಸಂಸಾರಗಳ ಅನ್ನ ಈ ಬೇಲಿಯನ್ನು ನಂಬಿದೆ. ಬೇಲಿಗೆ ಬೀಳುವ ಕಂಡಿ ಒಂದು ಮಗುವಿನ ಟೋಪಿಯಷ್ಟೇ ಇದ್ದರೂ ಸಾಕು. ಮಗಳು ಹಣ್ಣುಗಳನ್ನು ತಾನೇ ಡಬ್ಬಿಗೆ ಹಾಕಿದಳು. ಅಳಲಿಲ್ಲ, ಬಹಳ ಹೊತ್ತು ಮಾತೂ ಆಡಲಿಲ್ಲ.

ಅಲ್ಲಿಂದ ಇಳಿಜಾರು. ಸುರುಳಿಸುರುಳಿಯಾದ ಆ ದಾರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಕರಾಕೋಲೆಸ್’, ಎಂದರೆ ಬಸವನಹುಳುಗಳು, ಎಂದೇ ಹೆಸರು. ಭಾರದ ಗಾಡಿಯನ್ನು ಬರಿಯ ಬ್ರೇಕಿನಿಂದ ತಡೆಯುತ್ತ ಇಳಿಸಿದರೆ ಬ್ರೇಕು ಕಾದು ಕೈಕೊಡುವ ಭಯವುಂಟು. ಸಣ್ಣ ಗೇರಿನಲ್ಲಿ ಎಂಜಿನಿನ ಹಿಡಿತದಿಂದಲೇ ಇಳಿಯಬೇಕು. ಹಾಗೆಯೇ ಇಳಿದೆವು.

ಕಣಿವೆಯ ಲೋಸ್ ಆಂಡೆಸ್ ಊರಿನಲ್ಲಿ ಹಣ್ಣಿನಂಗಡಿಯೊಂದನ್ನು ಕಂಡು ಗಾಡಿ ನಿಲ್ಲಿಸಿದೆವು. ಮಗಳು ಒಂದೊಂದನ್ನೂ ಮೂಸಿ, ತಿರುವಿ ನೋಡಿ, ಎರಡು ಪೀಚ್ ಹಣ್ಣುಗಳನ್ನು ಆರಿಸಿದಳು. “ಇವು ಇಲ್ಲಿಯವೇ, ಅಲ್ಲವೆ?” ಎಂದು ಅಂಗಡಿಯಾಕೆಯನ್ನು ನಮ್ಮಿಂದ ಕೇಳಿಸಿದಳು. ಹೌದೆಂದು ತಿಳಿದ ಮೇಲೆಯೇ ಅವನ್ನು ಟೋಪಿಯೊಳಗಿಟ್ಟಳು.

ಅಂದು ಸಂಜೆ ಬಾಣಂತಿಯ ಮನೆಗೆ ನಾವು ಯಾರೂ ಬರಿಗೈಯಲ್ಲಿ ಹೋಗಲಿಲ್ಲ.