ಕೋಟೆಯ ಪಾಠಕ್ಕೆ ಮನೆಯ ಮಾತು



ಯೂರೋಪಿನ ಮಧ್ಯಯುಗದ ಪಾಠ ಬಂದಾಗ ನಮ್ಮ ಮಕ್ಕಳು ತಡವರಿಸುತ್ತಾರೆ. ಕ್ಯಾಸಲ್, ಫೀಫ್, ವ್ಯಾಸಲ್, ಸರ್ಫ್ ಎಂಬ ಪದಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆಯುತ್ತಾರೆ. ದೋಷ ಮಕ್ಕಳದಲ್ಲ. ಇವಕ್ಕೆ ಹತ್ತಿರದ ಮಾತುಗಳು ಕನ್ನಡದಲ್ಲಿಯೂ ನಾವು ಬಾಳುತ್ತಿರುವ ಈ ಕೊಂಗುನಾಡಿನಲ್ಲಿಯೂ ಇವೆಯೆಂದು ಅವರಿಗೆ ತಿಳಿಸಬೇಕಾಗಿದೆ.

ಕ್ಯಾಸಲ್ ಎಂದರೆ ಕೋಟೆ. ಕೊಯಮತ್ತೂರಿನಲ್ಲಿಯೂ ಧಾರಾಪುರದಲ್ಲಿಯೂ ಮೈಸೂರಿನವರ ಕೋಟೆಗಳಿದ್ದವು. ಕೊಯಮತ್ತೂರಿನ ಕೋಟೆ ಅಳಿದರೂ ಕೋಟೈಮೇಡು ಎಂಬ ಹೆಸರು ಉಳಿದಿದೆ. ಭವಾನಿಸಾಗರದ ನೀರಿನಲ್ಲಿ ಮುಳುಗಿದ ದಣಾಯಕನ ಕೋಟೆಯ ಹೆಸರಿನಲ್ಲಿ ಹೊಯ್ಸಳರ ದಂಡನಾಯಕನಿದ್ದಾನೆ. ಕಂದಕ, ಕೊತ್ತಳ, ಹೆಬ್ಬಾಗಿಲು ಎಲ್ಲವೂ ನಮ್ಮ ಮಾತುಗಳೇ. ಆದರೆ ಕ್ಯಾಸಲ್ ಒಬ್ಬ ಒಡೆಯನ ಮನೆ; ನಮ್ಮ ಕೋಟೆ ಎಷ್ಟೋ ಕಡೆ ಇಡೀ ಊರನ್ನೇ ಬಳಸಿತ್ತು. ಈ ಭೇದವನ್ನೂ ಹೇಳಬೇಕು.

ಸೇವೆಗೆ ಪ್ರತಿಯಾಗಿ ಒಡೆಯ ಕೊಟ್ಟ ಭೂಮಿ ಫೀಫ್, ನಮ್ಮಲ್ಲಿ ಉಂಬಳಿ. ಅದನ್ನು ಪಡೆದು, ಕರೆದಾಗ ದಂಡು ಕಟ್ಟಿ ಬರುವವನು ವ್ಯಾಸಲ್. ಮಧುರೆಯ ನಾಯಕರಿಗೆ ಕಪ್ಪ ಕೊಟ್ಟು ಪಡೆ ಸಾಕುತ್ತಿದ್ದ ಪಾಳೆಯಗಾರನನ್ನು ನೆನೆದರೆ ಅವನ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಸರ್ಫ್‌ನನ್ನು ಜೀತದಾಳು ಎಂದುಬಿಟ್ಟರೆ ಸಾಲದು. ಜೀತದವನನ್ನು ಕಟ್ಟಿಹಾಕುತ್ತಿದ್ದುದು ಸಾಲ. ಸರ್ಫ್‌ನನ್ನು ಕಟ್ಟಿಹಾಕಿದ್ದು ನೆಲ. ಭೂಮಿ ಕೈ ಬದಲಾದರೆ ಅವನೂ ಅದರೊಡನೆ ಹೋಗಬೇಕಿತ್ತು. ಅವನು ಕೂಲಿಯಿಲ್ಲದೆ ದುಡಿದದ್ದು ಬಿಟ್ಟಿ, ತಮಿಳಿನಲ್ಲಿ ವೆಟ್ಟಿ. ಚೋಳರ ಶಾಸನಗಳಲ್ಲಿಯೂ ಈ ಮಾತಿದೆ. ಎರಡನ್ನೂ ಜೊತೆಯಲ್ಲಿ ತೋರಿಸಿದರೆ ಮಗುವಿಗೆ ಎರಡು ಭಾಷೆಗಳೂ ಹತ್ತಿರವಾಗುತ್ತವೆ.

ಚರ್ಚಿಗೆ ಇಗರ್ಜಿ ಎಂಬ ಪೋರ್ಚುಗೀಸ್ ಮೂಲದ ಮಾತು ಕನ್ನಡದಲ್ಲಿ ಬಹುಕಾಲದಿಂದ ಇದೆ. ರೈತ ಅದಕ್ಕೆ ತೆರುತ್ತಿದ್ದ ಬೆಳೆಯ ಹತ್ತನೆಯ ಪಾಲು ದಶಮಾಂಶ. ಸಂನ್ಯಾಸಿಗಳ ನೆಲೆಯನ್ನು ಮಠವೆಂದರೆ ಯಾವ ಮಗುವಿಗೂ ಅರ್ಥವಾಗುತ್ತದೆ.

ಇದು ಕೇವಲ ಪದಕೋಶದ ವಿಚಾರವಲ್ಲ. 1956ರಲ್ಲಿ ಸೇರಿಸಿದ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಶಾಲೆಯ ಫಲಕದಲ್ಲಿ ಕನ್ನಡವಿದ್ದು ಪಾಠದಲ್ಲಿ ಅರ್ಥವಿಲ್ಲದಿದ್ದರೆ ಆ ಹಕ್ಕಿನಿಂದೇನು ಫಲ? “ಕನ್ನಡದಲ್ಲಿ ಇದೆಲ್ಲ ಹೇಳಲಾಗದು” ಎಂದು ತಂದೆತಾಯಿಯರಿಗೆ ಒಮ್ಮೆ ಅನಿಸಿದರೆ ಮಗು ಬೇರೆ ಶಾಲೆಗೆ ಹೋಗುತ್ತದೆ. ಮಕ್ಕಳಿಲ್ಲದ ತರಗತಿಯನ್ನು ಯಾವ ವಿಧಿಯೂ ಉಳಿಸದು.

ಅಧ್ಯಾಪಕ ಬಂಧುಗಳೇ, ಪ್ರತಿ ಪಾಠಕ್ಕೂ ಹತ್ತು ಪದಗಳ ಪಟ್ಟಿ ಮಾಡಿ. ಪೋಷಕರೇ, ನಿಮ್ಮ ಹಿರಿಯರ ಬಾಯಲ್ಲಿರುವ ಹಳೆಯ ಮಾತುಗಳನ್ನು ಬರೆದು ಶಾಲೆಗೆ ಕಳುಹಿಸಿ. ಸರ್ಕಾರದ ಮುಂದೆ ಹಕ್ಕು ಕೇಳುವ ದನಿಗೆ ಈ ಕೆಲಸವೇ ಬಲ.