ಗಾಜಿನ ಕಡಲಿನಲ್ಲಿ ರಕ್ತಬೀಜ

ಪಡಸಾಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನಿಟ್ಟು ಹವಳಗಳನ್ನು ಬೆಳೆಸುವ ಹವ್ಯಾಸ ಅಗ್ಗದ್ದಲ್ಲ, ಸುಲಭವಾದದ್ದೂ ಅಲ್ಲ. ತಿಂಗಳುಗಟ್ಟಲೆ ನೀರಿನ ಉಪ್ಪನ್ನಳೆದು, ಬೆಳಕನ್ನು ಹೊಂದಿಸಿ ಕಾದು ಕುಳಿತ ಗೃಹಸ್ಥನಿಗೆ ಒಂದು ಬೆಳಗ್ಗೆ ಕಲ್ಲಿನ ಸಂದಿಯಲ್ಲಿ ಪುಟ್ಟ ಹೂವೊಂದು ಅರಳಿರುವುದು ಕಾಣುತ್ತದೆ. ಕಂದು ಛಾಯೆಯ ತೆಳುವಾದ ಕಾಂಡ. ತುದಿಯಲ್ಲಿ ಎಳೆಎಳೆಯಾಗಿ ಹರಡಿದ ದಳಗಳು. ತಾನು ತಂದಿಡದ ಜೀವವೊಂದು ತಾನಾಗಿಯೇ ಬಂದಿತಲ್ಲಾ ಎಂದು ಆತ ಹಿಗ್ಗುತ್ತಾನೆ. ಮಡದಿ ಮಕ್ಕಳನ್ನು ಕರೆದು ತೋರಿಸುತ್ತಾನೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕಲ್ಲಿನ ತುಂಬ ಅದೇ ಹೂ. ಅಕ್ಕರೆಯಿಂದ ಬೆಳೆಸಿದ ಹವಳಗಳು ಅದರ ಪಕ್ಕದಲ್ಲಿ ಮುದುಡಿಕೊಂಡಿರುತ್ತವೆ. ಆಗ ಹಿಗ್ಗು ಹೋಗಿ ದಿಗಿಲು ಹುಟ್ಟುತ್ತದೆ.

ಅದು ಹೂವಲ್ಲ, ಪ್ರಾಣಿ. ಹವಳಕ್ಕೆ ದಾಯಾದಿಯಾದ ಕಡಲಹೂವಿನ ಒಂದು ಜಾತಿ, ಹೆಸರು ಐಪ್ಟೇಸಿಯ. 1858ರಲ್ಲಿ ಈ ಹೆಸರನ್ನಿಟ್ಟವನು ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್. ಮನೆಯೊಳಗೆ ಕಡಲನ್ನು ಸಾಕುವ ಮೋಹವನ್ನು 1854ರ ತನ್ನ ಪುಸ್ತಕದಿಂದ ಆಂಗ್ಲರಿಗೆ ಹತ್ತಿಸಿದವನೂ ಅವನೇ. ಹವ್ಯಾಸವನ್ನು ಹಬ್ಬಿಸಿದ ಕೈಯೇ ಅದರ ಪೀಡೆಗೂ ನಾಮಕರಣ ಮಾಡಿತು!

ಈ ಅತಿಥಿ ಒಳಗೆ ಬಂದುದು ಹೇಗೆ? ಸಮುದ್ರದ ಕಲ್ಲನ್ನು ಅದರ ಮೇಲಿನ ಜೀವಿಗಳ ಸಮೇತ ತೊಟ್ಟಿಯಲ್ಲಿಟ್ಟರೆ ನೀರು ತಾನಾಗಿ ಶುದ್ಧವಾಗುತ್ತದೆಂಬ ಪದ್ಧತಿಯನ್ನು ಜಕಾರ್ತದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ ಲೋಕಕ್ಕೆ ತಿಳಿಸಿದ. ಪದ್ಧತಿ ಬಹು ಒಳ್ಳೆಯದು. ಆದರೆ ಆ ಜೀವಂತ ಕಲ್ಲಿನ ಬಿರುಕಿನಲ್ಲಿ ಸಾಸಿವೆಯಷ್ಟು ಐಪ್ಟೇಸಿಯ ಅಡಗಿ ಬಂದರೆ ಕಾಣುವುದು ಯಾರಿಗೆ? ಅದರ ಮೈಯೊಳಗೆ ಸೂಕ್ಷ್ಮ ಪಾಚಿಯ ಕಣಗಳಿವೆ. ಬೆಳಕು ಬಿದ್ದರೆ ಅವು ಅನ್ನ ಬೇಯಿಸಿ ಬಡಿಸುತ್ತವೆ. ಹವಳಕ್ಕೆಂದು ಹಚ್ಚಿದ ದೀಪವೇ ಅದರ ಶತ್ರುವನ್ನೂ ಪೋಷಿಸುತ್ತದೆ. ದಳಗಳಂತೆ ಕಾಣುವ ಎಳೆಗಳಲ್ಲಿ ವಿಷದ ಕುಟುಕುಕೋಶಗಳಿವೆ. ನೆರೆಯ ಹವಳಕ್ಕೆ ತಗಲುವುದು ಅವುಗಳ ಏಟೇ.

ಕಿತ್ತೆಸೆದರಾಯಿತು ಎಂದು ಚಾಕು ಹಿಡಿದವರೇ ಹೆಚ್ಚು ಮೋಸಹೋಗುತ್ತಾರೆ. ಮುಟ್ಟಿದೊಡನೆ ಅದು ಬಿಲದೊಳಕ್ಕೆ ಸೇದಿಕೊಳ್ಳುತ್ತದೆ. ಕೆರೆದರೆ ಪಾದದ ಚೂರುಗಳು ಕಲ್ಲಿನ ಮೇಲುಳಿದು, ಒಂದೊಂದೂ ಒಂದೊಂದು ಹೊಸ ಪ್ರಾಣಿಯಾಗಿ ಬೆಳೆಯುತ್ತದೆ. ಯಾರೂ ಕೆರೆಯದಿದ್ದರೂ ಅದು ನಿಧಾನವಾಗಿ ಸರಿಯುತ್ತ ತಾನೇ ಪಾದದ ತುಣುಕುಗಳನ್ನು ಉದುರಿಸಿ ಸಂತಾನ ಬೆಳೆಸುತ್ತದೆ. ನೆಲಕ್ಕೆ ಬಿದ್ದ ಹನಿಹನಿ ನೆತ್ತರಿನಿಂದಲೂ ಮತ್ತೊಬ್ಬನಾಗಿ ಏಳುತ್ತಿದ್ದ ರಕ್ತಬೀಜಾಸುರನ ಕಥೆ ಇಲ್ಲಿ ಅಕ್ಷರಶಃ ನಿಜ.

ಕೋಪದಲ್ಲಿ ಕಲ್ಲನ್ನೇ ಹೊರತೆಗೆದು ಕುದಿಸುವವರುಂಟು. ಇದನ್ನು ಎಂದಿಗೂ ಮಾಡಬಾರದು. ಅದೇ ಕಲ್ಲಿನ ಮೇಲೆ ಜೋಯಾಂಥಿಡ್ ಎಂಬ ಬೇರೊಂದು ಬಗೆಯ ಜೀವಿಗಳಿದ್ದರೆ, ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊತ್ತಿರುತ್ತವೆ. ಕುದಿಸಿದಾಗ ಅದು ಹಬೆಯೊಡನೆ ಉಸಿರಿಗೆ ಸೇರಬಲ್ಲದು. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರೊಳಗೆ ಅಂಗಡಿಯಲ್ಲಿಯೂ ಮನೆಯಲ್ಲಿಯೂ ಜನ ಈ ವಿಷವನ್ನು ಉಸಿರಾಡಿ ಅಸ್ವಸ್ಥರಾದರೆಂದು ಶಂಕಿಸಲಾದ ಪ್ರಕರಣಗಳನ್ನು ಆರೋಗ್ಯಾಧಿಕಾರಿಗಳು ದಾಖಲಿಸಿದ್ದಾರೆ. ಅಂದಚೆಂದಕ್ಕೆಂದು ಇಟ್ಟ ತೊಟ್ಟಿ ಮನೆಮಂದಿಯ ಉಸಿರಿಗೆ ಮುಳುವಾಗಬಾರದಷ್ಟೆ. ತಾಮ್ರದ ಔಷಧಿಯೂ ಸಲ್ಲದು. ಅದು ಪೀಡೆಯೊಡನೆ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ.

ಹಾಗಾದರೆ ಉಪಾಯವೇನು? ನಾಲ್ಕಾರು ಮಾತ್ರ ಕಂಡಾಗ ಸುಣ್ಣವೇ ಸಾಕು. ಶುದ್ಧವಾದ ಅರಳಿದ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಪಿಚಕಾರಿಗೆ ತುಂಬಬೇಕು. ತೊಟ್ಟಿಯ ನೀರಿನ ಓಟವನ್ನು ನಿಲ್ಲಿಸಿ, ಪ್ರಾಣಿ ಅರಳಿರುವಾಗಲೇ ಅದರ ಬಾಯಿಯ ಮೇಲೆ ಮೆಲ್ಲಗೆ ಸುರಿದು ಮುಚ್ಚಬೇಕು. ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಸುಣ್ಣ ಹೆಚ್ಚಾದರೆ ನೀರಿನ ಕ್ಷಾರಗುಣವೇರಿ ಮೀನುಗಳು ಸಾಯುತ್ತವೆ. ಕೈಗೆ ಕೈಚೀಲ, ಕಣ್ಣಿಗೆ ಕನ್ನಡಕ ಅವಶ್ಯ.

ದಂಡು ದೊಡ್ಡದಾದರೆ ಅದನ್ನು ತಿನ್ನುವವರನ್ನೇ ಕರೆಸಬೇಕು. ಕೆಂಪು ಗೆರೆಗಳ ಪೆಪ್ಪರ್‌ಮಿಂಟ್ ಸಿಗಡಿ ರಾತ್ರಿ ಹೊತ್ತು ಮೇಯುತ್ತದೆ. ಆದರೆ ಎಲ್ಲ ಸಿಗಡಿಗೂ ಆ ರುಚಿ ಹತ್ತುವುದಿಲ್ಲ. ಉದ್ದ ಮೂತಿಯ ಕಾಪರ್‌ಬ್ಯಾಂಡ್ ಚಿಟ್ಟೆಮೀನು ಚುಚ್ಚಿ ಚುಚ್ಚಿ ತಿನ್ನುತ್ತದೆ. ಅದನ್ನು ಬದುಕಿಸಿಕೊಳ್ಳುವುದೇ ಕಷ್ಟ. ಎಲ್ಲರಿಗಿಂತ ನಂಬಿಕೆಯ ಬಂಟ ಬರ್ಗಿಯ ಎಂಬ ಚಿಪ್ಪಿಲ್ಲದ ಕಡಲಹುಳು. ಅದಕ್ಕೆ ಐಪ್ಟೇಸಿಯ ಹೊರತು ಬೇರೆ ಆಹಾರವಿಲ್ಲ. ತಿಂದ ಶತ್ರುವಿನ ಕುಟುಕುಕೋಶಗಳನ್ನೇ ಬೆನ್ನಿನ ಮೊನೆಗಳಲ್ಲಿ ಕೂಡಿಟ್ಟು ತನ್ನ ಆಯುಧವಾಗಿಸಿಕೊಳ್ಳುತ್ತದೆ. ಕೊನೆಯ ಐಪ್ಟೇಸಿಯ ಮುಗಿದ ದಿನ ಅದರ ಅನ್ನವೂ ಮುಗಿಯಿತು. ಆಗ ಅದನ್ನು ಇನ್ನೊಬ್ಬ ಹವ್ಯಾಸಿಯ ತೊಟ್ಟಿಗೆ ಸಾಗಿಸುವುದು ಧರ್ಮ. ಇಲ್ಲವಾದರೆ ಉಪಕಾರ ಮಾಡಿದ ಜೀವ ಹಸಿವಿನಿಂದ ಸಾಯುತ್ತದೆ.

ಇಷ್ಟಾಗಿ ಈ ಪೀಡೆಯನ್ನು ಪ್ರೀತಿಯಿಂದ ಸಾಕುವವರೂ ಇದ್ದಾರೆ. ಕಡಲು ಬಿಸಿಯೇರಿದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುವುದೇಕೆ ಎಂದು ತಿಳಿಯಲು ವಿಜ್ಞಾನಿಗಳು ಹವಳದ ಬದಲು ಐಪ್ಟೇಸಿಯವನ್ನೇ ಪರೀಕ್ಷಿಸುತ್ತಾರೆ. ಬೇಗ ಬೆಳೆಯುವ, ಸುಲಭವಾಗಿ ಸಾಯದ ಅದರ ಗುಣವೇ ಅವರಿಗೆ ವರ. 2015ರಲ್ಲಿ ಅದರ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾಯಿತು. ಪಡಸಾಲೆಯಲ್ಲಿ ಹವಳವನ್ನು ಕೊಲ್ಲುವ ಜೀವಿ ಪ್ರಯೋಗಶಾಲೆಯಲ್ಲಿ ಹವಳವನ್ನು ಉಳಿಸುವ ದಾರಿ ಹುಡುಕಿಕೊಡುತ್ತಿದೆ.

ಆದರೂ ಪಡಸಾಲೆಯ ಮಾತು ಬೇರೆ. ಹೊಸ ಕಲ್ಲನ್ನೋ ಹವಳವನ್ನೋ ತಂದಾಗ ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಕಣ್ಣಿಟ್ಟು ನೋಡುವವನಿಗೆ ಈ ಯುದ್ಧವೇ ಬರುವುದಿಲ್ಲ. ಕರೆಯದೆ ಬಂದ ಹೂವನ್ನು ಮಕ್ಕಳಿಗೆ ತೋರಿಸಿ ಸಂತೋಷಪಡಲು ಅಡ್ಡಿಯಿಲ್ಲ. ಅದು ಯಾರೆಂದು ಅದೇ ದಿನ ವಿಚಾರಿಸಿಕೊಂಡರೆ ಸಾಕು.